ಹಳೆಯ ಲೈವ್ ರಾಕ್ ತೊಳೆದು ಮತ್ತೆ ಬಳಸುವುದು: ಯಾವುದು ಮೊದಲು, ಯಾವುದು ಆಮೇಲೆ

"ಕಲ್ಲು ಹಾಲಿನ ಹಾಗೆ ಬೆಳ್ಳಗಿತ್ತು. ಆದರೂ ಎರಡೇ ತಿಂಗಳಿಗೆ ಟ್ಯಾಂಕ್ ತುಂಬ ಹಸಿರು ಪಾಚಿ." ಹಳೆಯ ಲೈವ್ ರಾಕನ್ನು (ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಮನೆಮಾಡಿರುವ, ರಂಧ್ರಗಳಿರುವ ಸಮುದ್ರದ ಕಲ್ಲನ್ನು) ತೊಳೆದು ಸಮುದ್ರನೀರಿನ ಟ್ಯಾಂಕಿಗೆ ಮತ್ತೆ ಹಾಕಿದವರ ದೂರು ಹೆಚ್ಚುಕಡಿಮೆ ಇದೇ ಆಗಿರುತ್ತದೆ. ಅವರೇನೂ ಸೋಮಾರಿಗಳಲ್ಲ. ಉಜ್ಜಿದ್ದಾರೆ, ಬ್ಲೀಚ್ ಹಾಕಿದ್ದಾರೆ, ಬಿಸಿಲಿಗೆ ಒಣಗಿಸಿದ್ದಾರೆ. ಎಡವಿದ್ದು ಕ್ರಮದಲ್ಲಿ, ಇಲ್ಲವೇ ನಡುವೆ ಒಂದು ಹಂತವನ್ನು ಹಾರಿಸಿಬಿಟ್ಟಿದ್ದಾರೆ.

ಹಳೆಯ ಕಲ್ಲಿನಲ್ಲಿ ಮೂರು ಥರದ ಕೊಳೆ ಇರುತ್ತದೆ. ಒಂದು, ಇನ್ನೂ ಬದುಕಿರುವ ಪೀಡೆಗಳು: ಐಪ್ಟೇಸಿಯಾ (ಬೇಗ ಹಬ್ಬುವ, ಕುಟುಕುವ ಸಣ್ಣ ಸಮುದ್ರ ಅನಿಮೋನಿ), ಗುಳ್ಳೆ ಪಾಚಿ, ಬೇಡದ ಹುಳುಗಳು. ಎರಡು, ರಂಧ್ರಗಳೊಳಗೆ ಸತ್ತು ಕೊಳೆಯುತ್ತಿರುವ ಸ್ಪಂಜು, ಹುಳು, ಮೀನಿನ ಹಿಕ್ಕೆ. ಮೂರು, ಕಲ್ಲಿಗೇ ಅಂಟಿಕೊಂಡ ಫಾಸ್ಫೇಟ್. ಮೊದಲೆರಡಕ್ಕೆ ಬ್ಲೀಚ್ ಸಾಕು. ಮೂರನೆಯದು ಬ್ಲೀಚಿಗೆ ಜಗ್ಗುವುದಿಲ್ಲ. ಲೈವ್ ರಾಕ್ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಫಾಸ್ಫೇಟ್ ಜಾಸ್ತಿ ಇದ್ದಷ್ಟು ಕಾಲ ಅದು ಹೀರಿಕೊಳ್ಳುತ್ತದೆ. ಶುದ್ಧ ನೀರಿಗೆ ಹಾಕಿದ ದಿನದಿಂದ ನಿಧಾನಕ್ಕೆ ವಾಪಸ್ ಬಿಡಲು ಶುರುಮಾಡುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಟೆಸ್ಟ್ ಕಿಟ್ಟಿಗೆ ಮಾತ್ರ ಗೊತ್ತಾಗುತ್ತದೆ.

## ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದದ್ದು

ಕಲ್ಲು ಬ್ಲೀಚಿನಲ್ಲಿ ಮುಳುಗಿರುವಾಗ ಕೈಗವಸು ಹುಡುಕಿಕೊಂಡು ಓಡುವುದು ಬೇಡ. ಇವಿಷ್ಟು ಕೈಗೆಟುಕುವಂತೆ ಇರಲಿ:

- ಎರಡು ದೊಡ್ಡ ಪ್ಲಾಸ್ಟಿಕ್ ಡ್ರಮ್ ಅಥವಾ ಟಬ್. ಲೋಹದ್ದು ಬೇಡವೇ ಬೇಡ.
- ಮೊಣಕೈವರೆಗಿನ ರಬ್ಬರ್ ಕೈಗವಸು ಮತ್ತು ಕಣ್ಣನ್ನು ಪೂರ್ತಿ ಮುಚ್ಚುವ ಗಾಗಲ್ಸ್. ಮಾಮೂಲಿ ಕನ್ನಡಕ ಸಾಲದು.
- ಗಟ್ಟಿ ನೈಲಾನ್ ಬ್ರಷ್, ಹಳೆಯ ಟೂತ್‌ಬ್ರಷ್, ಒಂದು ಉದ್ದ ಸ್ಕ್ರೂಡ್ರೈವರ್.
- ನೀರು ತಿರುಗಿಸುವ ಪಂಪ್ ಮತ್ತು ಹೀಟರ್. ಬ್ಲೀಚಿನಲ್ಲಿ ಓಡಿಸಲು ಹಳೆಯ ಪಂಪ್ ಒಂದಿದ್ದರೆ ಒಳ್ಳೆಯದು.
- ಸುವಾಸನೆ, ಸೋಪು ಯಾವುದೂ ಸೇರಿಸಿರದ ಸಾದಾ ದ್ರವ ಬ್ಲೀಚ್. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಸುಮಾರು 5 ರಿಂದ 6 ಶೇಕಡಾ ಅಂತ ಇರಬೇಕು.
- ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಅಥವಾ ಅಕ್ವೇರಿಯಂ ಡೀಕ್ಲೋರಿನೇಟರ್.
- ಮ್ಯೂರಿಯಾಟಿಕ್ ಆಸಿಡ್ (ಅಂದರೆ ಹೈಡ್ರೋಕ್ಲೋರಿಕ್ ಆಸಿಡ್) ಮತ್ತು ಅಡುಗೆ ಸೋಡಾ. ಆಸಿಡ್ ಎಲ್ಲರಿಗೂ ಬೇಕಾಗುವುದಿಲ್ಲ, ಮುಂದೆ ನೋಡೋಣ.
- ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಕಿಟ್‌ಗಳು. ಜೊತೆಗೆ ಕ್ಲೋರಿನ್ ಪಟ್ಟಿ ಮತ್ತು ಉಪ್ಪಿನಂಶ ನೋಡಲು ರಿಫ್ರಾಕ್ಟೋಮೀಟರ್.

ಈ ಪಟ್ಟಿಯಲ್ಲಿ ಜನ ದುಡ್ಡು ಉಳಿಸಲು ನೋಡುವುದು ಫಾಸ್ಫೇಟ್ ಕಿಟ್‌ನಲ್ಲಿ. ಬೇರೆ ಎಲ್ಲಾದರೂ ಉಳಿಸಿ, ಅದರಲ್ಲಿ ಮಾತ್ರ ಬೇಡ.

## ಹಂತ 1: ಕೊಲ್ಲಬೇಕೋ, ಉಳಿಸಿಕೊಳ್ಳಬೇಕೋ

ನೀರು ಮುಟ್ಟುವ ಮೊದಲೇ ಇದು ತೀರ್ಮಾನವಾಗಬೇಕು. ಓಡುತ್ತಿರುವ, ಆರೋಗ್ಯವಾಗಿರುವ ಟ್ಯಾಂಕಿನಿಂದ ಬಂದ ಒದ್ದೆ ಕಲ್ಲು, ಅಲ್ಲಲ್ಲಿ ಒಂಚೂರು ಪಾಚಿ ಬಿಟ್ಟರೆ ಬೇರೆ ತೊಂದರೆಯಿಲ್ಲ ಅಂದರೆ ಬ್ಲೀಚ್ ಹಾಕಿ ಸಾಯಿಸಬೇಡಿ. ಅದರೊಳಗಿನ ಬ್ಯಾಕ್ಟೀರಿಯಾ ಬೆಳೆಯಲು ತಿಂಗಳುಗಟ್ಟಲೆ ಹಿಡಿದಿರುತ್ತದೆ. ಅಂಥ ಕಲ್ಲನ್ನು ಉಪ್ಪುನೀರಿನಲ್ಲೇ ಉಜ್ಜಿ, ಹಂತ 6ರಲ್ಲಿ ಹೇಳುವ ಕತ್ತಲ ಡ್ರಮ್ಮಿಗೆ ನೇರವಾಗಿ ಹಾಕಿ.

ಕಲ್ಲು ಒಣಗಿ ವರ್ಷಗಳಿಂದ ಮೂಲೆಯಲ್ಲಿ ಬಿದ್ದಿದ್ದರೆ, ಐಪ್ಟೇಸಿಯಾ ತುಂಬಿಕೊಂಡಿದ್ದರೆ ಅಥವಾ ಎಲ್ಲಿಂದ ಬಂತು ಅನ್ನುವುದೇ ಗೊತ್ತಿಲ್ಲದಿದ್ದರೆ ಯೋಚಿಸುವುದೇನೂ ಇಲ್ಲ. ಪೂರ್ತಿ ಕೊಂದು ಮೊದಲಿನಿಂದ ಶುರುಮಾಡಿ. ಅರ್ಧ ಸತ್ತ ಕಲ್ಲಿನಷ್ಟು ಕಿರಿಕಿರಿ ಇನ್ನೊಂದಿಲ್ಲ.

ಕೊಟ್ಟವರನ್ನು ಒಂದು ಮಾತು ಕೇಳಲೇಬೇಕು: ಈ ಟ್ಯಾಂಕಿಗೆ ಎಂದಾದರೂ ತಾಮ್ರದ ಔಷಧಿ ಹಾಕಿದ್ದಿರಾ? ಮೀನಿನ ಕಾಯಿಲೆಗೆ ತಾಮ್ರ ಹಾಕುವುದು ಸಾಮಾನ್ಯ. ಸುಣ್ಣದ ಕಲ್ಲು ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೀನು ತಡೆದುಕೊಳ್ಳುವ ಮಟ್ಟದ ತಾಮ್ರ ಹವಳಕ್ಕೆ, ಸೀಗಡಿಗೆ, ಶಂಖದ ಹುಳುವಿಗೆ ವಿಷ. ಉತ್ತರ ಹೌದು ಅಂತ ಬಂದರೆ ಆ ಕಲ್ಲು ಮೀನು ಮಾತ್ರ ಇರುವ ಟ್ಯಾಂಕಿಗೆ ಇರಲಿ. ತೊಳೆದು ತಾಮ್ರ ತೆಗೆಯುತ್ತೇನೆ ಅಂತ ಹಟ ಹಿಡಿಯಬೇಡಿ.

## ಹಂತ 2: ಉಜ್ಜುವ ಮೊದಲು ಕಣ್ಣು ಹಾಯಿಸಿ

ಕಲ್ಲನ್ನು ಬೆಳಕಿಗೆ ಹಿಡಿದು ಎಲ್ಲ ಮಗ್ಗುಲೂ ನೋಡಿ. ಅಂಗಿಯ ಗುಂಡಿಯಷ್ಟು ಅಗಲದ, ಕಂದು ಬಣ್ಣದ, ಚರ್ಮದಂಥ ತಟ್ಟೆಗಳು ಗುಂಪಾಗಿ ಅಂಟಿಕೊಂಡಿದ್ದರೆ ಅಲ್ಲೇ ಕೈ ನಿಲ್ಲಿಸಿ. ಅದು ಪಾಲಿಥೋವಾ ಅಥವಾ ಅದರ ಬಳಗದ ಜೋಯಾಂಥಿಡ್ ಅನ್ನುವ ಹವಳದಂಥ ಜೀವಿ ಇರಬಹುದು. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇಟ್ಟುಕೊಂಡಿರುತ್ತವೆ. ಅವನ್ನು ಉಜ್ಜಬೇಡಿ, ಕೆರೆಯಬೇಡಿ, ಜೋರು ನೀರು ಬಿಟ್ಟು ಸಿಡಿಸಬೇಡಿ. ಕೈಗವಸು, ಗಾಗಲ್ಸ್ ಹಾಕಿಕೊಂಡು ಇಡೀ ಕಲ್ಲನ್ನು ಹಾಗೇ ಬ್ಲೀಚಿಗೆ ಇಳಿಸಿ.

ಕಲ್ಲನ್ನು ಎಂದಿಗೂ ಕುದಿಸಬೇಡಿ. ಹವ್ಯಾಸಿಗಳ ನಡುವೆ 'ರಾಕ್ ಕುಕಿಂಗ್' ಅನ್ನುವ ಮಾತು ಓಡಾಡುತ್ತದೆ. ಕೇಳಿದವರು ನಿಜವಾಗಿಯೂ ಒಲೆ ಹಚ್ಚಿ ಪಾತ್ರೆ ಇಟ್ಟುಬಿಡುತ್ತಾರೆ. ಆ ಮಾತಿನ ಅರ್ಥ ಕಲ್ಲನ್ನು ಕತ್ತಲಲ್ಲಿ ಉಪ್ಪುನೀರಿನಲ್ಲಿ ವಾರಗಟ್ಟಲೆ ಇಡುವುದು, ಅಷ್ಟೇ. ಅದರಲ್ಲಿ ಬೆಂಕಿಯ ಕೆಲಸವೇ ಇಲ್ಲ. ಕುದಿಸಿದರೆ ಪಾಲಿಟಾಕ್ಸಿನ್ ಆವಿಯ ಜೊತೆ ಮನೆಯೆಲ್ಲ ಹರಡುತ್ತದೆ. ಹೀಗೆ ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು. ಓವನ್‌ನಲ್ಲಿ ಕಾಯಿಸುವುದಕ್ಕೂ ಇದೇ ಮಾತು. ಕೆಲಸ ಮಾಡುವಾಗ ಬಾಯಲ್ಲಿ ಲೋಹದ ರುಚಿ, ಎದೆ ಬಿಗಿತ, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಜ್ವರ ಕಾಣಿಸಿಕೊಂಡರೆ ಕಾಯುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಏನನ್ನು ಮುಟ್ಟಿದಿರಿ ಅಂತ ವೈದ್ಯರಿಗೆ ಹೇಳಿ.

ಬರಿಗೈಯಲ್ಲಿ ಕಲ್ಲು ಹಿಡಿಯುವುದೂ ಬೇಡ. ಒಮ್ಮೆ ಅವಸರದಲ್ಲಿ ಕೈಗವಸಿಲ್ಲದೆ ಎತ್ತಿಕೊಂಡೆ. ಕಲ್ಲಿನ ಸಂದಿನಿಂದ ಹೊರಬಂದ ಬ್ರಿಸಲ್ ಹುಳು ಹೆಬ್ಬೆರಳಿಗೆ ತಾಗಿತು. ಗಾಜಿನ ನೂಲಿನಂಥ ಸಣ್ಣ ಬಿಳಿ ಕೂದಲು, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅಂಟುಪಟ್ಟಿ ಒತ್ತಿ ಒತ್ತಿ ಕಿತ್ತೆ. ಉರಿ ಮಾತ್ರ ಎರಡು ದಿನ ಬಿಡಲಿಲ್ಲ.

## ಹಂತ 3: ಉಜ್ಜಿ, ಕೆರೆದು, ಜಾಲಿಸಿ

ಪಾಲಿಥೋವಾ ಇಲ್ಲ ಅಂತ ಖಾತ್ರಿಯಾದ ಮೇಲೆ ಉಜ್ಜಲು ಕೂತುಕೊಳ್ಳಿ. ಕಲ್ಲನ್ನು ಬಕೆಟ್ ನೀರಿನೊಳಗೆ ಮುಳುಗಿಸಿಯೇ ಉಜ್ಜಿ, ಹನಿ ಮುಖಕ್ಕೆ ಸಿಡಿಯುವುದಿಲ್ಲ. ಕೊಲ್ಲುವ ಕಲ್ಲಾದರೆ ನಲ್ಲಿ ನೀರು ನಡೆಯುತ್ತದೆ, ಉಳಿಸಿಕೊಳ್ಳುವ ಕಲ್ಲಾದರೆ ಉಪ್ಪುನೀರೇ ಬೇಕು. ರಂಧ್ರಗಳಲ್ಲಿ ಸಿಕ್ಕಿಕೊಂಡ ಸ್ಪಂಜು, ಚಿಪ್ಪು, ಹುಳುವಿನ ಕೊಳವೆಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಈಗ ಹತ್ತು ನಿಮಿಷ ಜಾಸ್ತಿ ಉಜ್ಜಿದರೆ ಬ್ಲೀಚ್ ಅಷ್ಟು ಕಡಿಮೆ ಸಾಕಾಗುತ್ತದೆ.

## ಹಂತ 4: ಬ್ಲೀಚ್

ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು. ಡ್ರಮ್ ಗಾಳಿ ಆಡುವ ಹೊರಗಿನ ಜಾಗದಲ್ಲಿರಲಿ, ಮಕ್ಕಳು ಮತ್ತು ಸಾಕುಪ್ರಾಣಿಗಳ ಕೈಗೆ ಸಿಗಬಾರದು. ಕಲ್ಲು ಪೂರ್ತಿ ಮುಳುಗಿರಬೇಕು, ಪಂಪ್ ಓಡುತ್ತಿರಬೇಕು. ಪಂಪ್ ಇಲ್ಲದೆ ಸುಮ್ನೆ ಮುಳುಗಿಸಿಟ್ಟರೆ ಹೊರಮೈ ಬೆಳ್ಳಗಾಗುತ್ತದೆ, ಹೊಟ್ಟೆಯೊಳಗಿನ ಕೊಳೆ ಹಾಗೇ ಕೂತಿರುತ್ತದೆ.

24 ರಿಂದ 48 ಗಂಟೆ ಬಿಡಿ. ಮೊದಲ ದಿನ ನೊರೆ ಬರುತ್ತದೆ, ನೀರು ಚಹಾ ಬಣ್ಣಕ್ಕೆ ತಿರುಗಬಹುದು. ಕೊಳೆ ಕರಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಮಾರನೆಯ ದಿನ ಬ್ಲೀಚಿನ ವಾಸನೆಯೇ ಇಲ್ಲ, ಕೊಳೆತ ವಾಸನೆ ಇದೆ ಅಂದರೆ ಬ್ಲೀಚ್ ಮುಗಿದುಹೋಗಿದೆ, ಕೊಳೆ ಇನ್ನೂ ಮುಗಿದಿಲ್ಲ. ಆ ನೀರು ಚೆಲ್ಲಿ ಹೊಸ ದ್ರಾವಣ ಮಾಡಿ. ತುಂಬ ಕೊಳಕಿದ್ದ ಕಲ್ಲಿಗೆ ನಾನು ಮೂರು ಸಲ ಹೀಗೆ ಮಾಡಿದ್ದೇನೆ.

ಆಮೇಲೆ ಮೂರು ನಾಲ್ಕು ಸಲ ನೀರು ಬದಲಿಸಿ ಜಾಲಿಸಿ. ಕೊನೆಯ ಸಲ ಡೀಕ್ಲೋರಿನೇಟರನ್ನು ಮಾಮೂಲಿಗಿಂತ ಧಾರಾಳವಾಗಿ ಹಾಕಿ, ಪಂಪ್ ಓಡಿಸಿ ಒಂದು ದಿನ ಬಿಡಿ. ಕ್ಲೋರಿನ್ ಪಟ್ಟಿ ಸೊನ್ನೆ ತೋರಿಸಬೇಕು. ನಂತರ ಬಿಸಿಲಿನಲ್ಲಿ ಒಣಗಿಸಿ. ಮೇಲ್ಮೈ ಒಂದೇ ದಿನಕ್ಕೆ ಒಣಗುತ್ತದೆ. ಒಳಗೆ ಒಣಗಲು ವಾರ ಬೇಕು. ಒಣಗಿತೋ ಇಲ್ಲವೋ ತಿಳಿಯಲು ಸುಲಭದ ದಾರಿ ತೂಕ: ಎರಡು ದಿನ ತೂಗಿ ನೋಡಿ, ಇಳಿಯುವುದು ನಿಂತಿದ್ದರೆ ಒಣಗಿದೆ ಅಂತ ಲೆಕ್ಕ.

ಬ್ಲೀಚ್ ಮತ್ತು ಆಸಿಡ್ ಒಂದಕ್ಕೊಂದು ತಾಗಕೂಡದು. ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ. ವಿನೆಗರ್ ಕೂಡ ಆಸಿಡ್ಡೇ ಅನ್ನುವುದು ಮರೆತುಹೋಗುತ್ತದೆ, ಅಲ್ವಾ? ಬ್ಲೀಚಿಗೆ ಅಮೋನಿಯಾ ಸೇರಿದರೂ ವಿಷಾನಿಲವೇ. ಅದಕ್ಕೇ ಎರಡು ಡ್ರಮ್ ಹೇಳಿದ್ದು. ಅದಕ್ಕೇ ನಡುವೆ ಕಲ್ಲು ಪೂರ್ತಿ ಒಣಗಬೇಕು ಅನ್ನುವುದು.

## ಹಂತ 5: ಆಸಿಡ್, ಬೇಕಿದ್ದವರಿಗೆ ಮಾತ್ರ

ಆಸಿಡ್ ಮಾಡುವ ಕೆಲಸ ಇಷ್ಟೇ: ಕಲ್ಲಿನ ಹೊರಪದರವನ್ನು ಕರಗಿಸುತ್ತದೆ. ಆ ಪದರದಲ್ಲಿ ಕೂತಿದ್ದ ಫಾಸ್ಫೇಟ್ ಅದರ ಜೊತೆಗೇ ಹೋಗುತ್ತದೆ. ಮುಚ್ಚಿಹೋಗಿದ್ದ ರಂಧ್ರಗಳೂ ತೆರೆದುಕೊಳ್ಳುತ್ತವೆ. ಬ್ಲೀಚಿಗಿಂತ ಮೊದಲು ಆಸಿಡ್ ಹಾಕುವವರಿದ್ದಾರೆ. ಆಗ ಕಲ್ಲಿನ ಮೇಲಿನ ಲೋಳೆ, ಪಾಚಿ ಅಡ್ಡ ನಿಂತು ಆಸಿಡ್ ಕಲ್ಲನ್ನು ಸರಿಯಾಗಿ ತಲುಪುವುದೇ ಇಲ್ಲ. ಮೊದಲು ಬ್ಲೀಚ್, ಆಮೇಲೆ ಆಸಿಡ್. ಇದನ್ನು ತಿರುವುಮುರುವು ಮಾಡಬೇಡಿ.

ಎಲ್ಲ ಕಲ್ಲಿಗೂ ಇದು ಬೇಕಾಗಿಲ್ಲ. ಬ್ಲೀಚ್ ಆಗಿ ಒಣಗಿದ ಕಲ್ಲನ್ನು ಉಪ್ಪುನೀರಿನಲ್ಲಿ ಒಂದು ವಾರ ಇಟ್ಟು ಫಾಸ್ಫೇಟ್ ನೋಡಿ. 0.1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಅಳತೆ) ಆಸುಪಾಸಿನಲ್ಲೇ ಇದ್ದರೆ ಆಸಿಡ್ ಬಿಟ್ಟು ಮುಂದೆ ಹೋಗಿ. 0.5 ದಾಟಿದ್ದರೆ ಆಸಿಡ್ ಬಳಸುವುದರಲ್ಲಿ ಅರ್ಥವಿದೆ. ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲು ಮತ್ತು ತೆಳು ಕೊಂಬೆಗಳಂಥ ಕಲ್ಲುಗಳನ್ನು ಆಸಿಡ್ಡಿಗೆ ಹಾಕಬೇಡಿ, ಪುಡಿಯಾಗಿಬಿಡುತ್ತವೆ.

ಕ್ರಮ ಹೀಗೆ:

1. ತೆರೆದ ಜಾಗ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿರಲಿ. ಕೈಗವಸು, ಗಾಗಲ್ಸ್, ಉದ್ದ ತೋಳಿನ ಹಳೆಯ ಬಟ್ಟೆ.
2. ಡ್ರಮ್ಮಿಗೆ ಮೊದಲು ನೀರು ತುಂಬಿಸಿ. ಅದಕ್ಕೆ ಆಸಿಡನ್ನು ನಿಧಾನಕ್ಕೆ ಸುರಿಯಿರಿ: ಒಂದು ಪಾಲಿಗೆ 10 ರಿಂದ 20 ಪಾಲು ನೀರು. ಆಸಿಡ್ಡಿಗೆ ನೀರು ಸುರಿದರೆ ಅದು ಕುದ್ದು ಮುಖಕ್ಕೆ ಸಿಡಿಯುತ್ತದೆ.
3. ಕಲ್ಲನ್ನು ಒಂದೊಂದಾಗಿ ಇಳಿಸಿ. ಸೋಡಾ ಬಾಟಲಿ ತೆರೆದ ಹಾಗೆ ಜೋರಾಗಿ ಬುಸುಗುಡುತ್ತದೆ. ನೊರೆ ಉಕ್ಕಿ ಬರುವುದರಿಂದ ಡ್ರಮ್ಮಿನ ಮೂರನೇ ಒಂದು ಭಾಗ ಖಾಲಿ ಇರಬೇಕು.
4. 15 ರಿಂದ 30 ನಿಮಿಷದಲ್ಲಿ ಬುಸುಗುಟ್ಟುವುದು ಇಳಿಯುತ್ತದೆ. ಆಸಿಡ್ ಖರ್ಚಾಯಿತು ಅಂತ ಅರ್ಥ. ಕಲ್ಲು ತೆಗೆದು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಬೇಕಿದ್ದರೆ ಬ್ರಷ್ಷಿನಿಂದ ಇನ್ನೊಮ್ಮೆ ಉಜ್ಜಿ.
5. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಕೆಲವು ಗಂಟೆ ನೆನೆಸಿ. ಉಳಿದ ಆಸಿಡ್ ನೀರಿಗೂ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ನೊರೆ ಬರುವುದು ನಿಂತ ಮೇಲೆಯೇ ಚೆಲ್ಲಿ.

ಮ್ಯೂರಿಯಾಟಿಕ್ ಆಸಿಡ್ ಅಂದರೆ ಭಯ ಅನ್ನುವವರು ಬಿಳಿ ವಿನೆಗರ್ ಬಳಸಬಹುದು. ರಾತ್ರಿಯಿಡೀ ನೆನೆಸಬೇಕು, ಕೆಲಸ ಅರ್ಧಂಬರ್ಧ, ಲೀಟರುಗಟ್ಟಲೆ ಬೇಕು. ನನ್ನನ್ನು ಕೇಳಿದರೆ, ಆ ಭಯ ಇರುವವರು ಆಸಿಡ್ಡನ್ನೇ ಬಿಟ್ಟು ಮುಂದಿನ ಹಂತದಲ್ಲಿ ಒಂದು ತಿಂಗಳು ಹೆಚ್ಚಿಗೆ ಕಾಯುವುದು ವಾಸಿ.

## ಹಂತ 6: ಕತ್ತಲ ಡ್ರಮ್, ಅಂದರೆ ಎಲ್ಲರೂ ಹಾರಿಸುವ ಹಂತ

ಕಲ್ಲು ಬೆಳ್ಳಗೆ ನಗುತ್ತಿರುತ್ತದೆ. ಟ್ಯಾಂಕ್ ಖಾಲಿ ಕಾಯುತ್ತಿರುತ್ತದೆ. ಇಲ್ಲಿ ತಡೆದುಕೊಳ್ಳುವುದೇ ಕಷ್ಟ. ನಾನೂ ಮೊದಲ ಸಲ ತಡೆದುಕೊಳ್ಳಲಿಲ್ಲ. ಬ್ಲೀಚ್ ಮಾಡಿದ ಕಲ್ಲನ್ನು ನೇರವಾಗಿ ಜೋಡಿಸಿ ಚೆಂದ ನೋಡುತ್ತಾ ಕೂತೆ. ಆರು ವಾರಕ್ಕೆ ಕಲ್ಲಿಗೆ ಹಸಿರು ಕೂದಲು ಬಂದಿತ್ತು. ನೀರಿನಲ್ಲಿ ಫಾಸ್ಫೇಟ್ ಅಷ್ಟೇನೂ ಕಾಣುತ್ತಿರಲಿಲ್ಲ, ಯಾಕೆಂದರೆ ಕಲ್ಲು ಬಿಟ್ಟಷ್ಟನ್ನೂ ಪಾಚಿ ಅಲ್ಲೇ ತಿನ್ನುತ್ತಿತ್ತು. ಕಿಟ್ ಸೊನ್ನೆ ತೋರಿಸುತ್ತಿದೆ, ಪಾಚಿ ಮಾತ್ರ ಬೆಳೆಯುತ್ತಲೇ ಇದೆ ಅಂತ ತಲೆಕೆಡಿಸಿಕೊಳ್ಳುವವರ ಕಥೆ ಬಹಳ ಸಲ ಇದೇ.

ಡ್ರಮ್ಮಿನಲ್ಲಿ ಆರ್‌ಓ ನೀರಿಗೆ ಸಮುದ್ರದ ಉಪ್ಪು ಬೆರೆಸಿ. ಸಾಂದ್ರತೆ 1.025, ಉಷ್ಣತೆ 25 ರಿಂದ 26 ಡಿಗ್ರಿ ಸೆಲ್ಸಿಯಸ್. ಪಂಪ್ ಹಗಲೂ ರಾತ್ರಿ ಓಡಲಿ. ಡ್ರಮ್ಮಿಗೆ ಬೆಳಕು ಬೀಳದಂತೆ ಮೇಲೆ ಮುಚ್ಚಿ, ಆದರೆ ಗಾಳಿಯಾಡಲು ಸಂದು ಬಿಡಿ. ಬೆಳಕಿಲ್ಲದಿದ್ದರೆ ಪಾಚಿ ಬೆಳೆಯದು. ಪಾಚಿ ಇಲ್ಲದಿದ್ದರೆ ಫಾಸ್ಫೇಟ್ ಅಡಗಿಕೊಳ್ಳದೆ ಕಿಟ್‌ನಲ್ಲಿ ಸಿಕ್ಕಿಬೀಳುತ್ತದೆ.

ವಾರಕ್ಕೊಮ್ಮೆ ಕಲ್ಲನ್ನು ಅದೇ ನೀರಿನಲ್ಲಿ ಅಲುಗಾಡಿಸಿ, ಉದುರಿದ ಕೆಸರನ್ನು ಕೊಳವೆಯಿಂದ ಎಳೆದು ತೆಗೆಯಿರಿ, ಫಾಸ್ಫೇಟ್ ನೋಡಿ ಬರೆದಿಡಿ. ಜಾಸ್ತಿ ಇದ್ದರೆ ನೀರು ಪೂರ್ತಿ ಬದಲಿಸಿ. ನೀರು ಬದಲಿಸಿದ ದಿನ ಅಳೆದು 'ಸೊನ್ನೆ ಬಂತು' ಅಂತ ಖುಷಿಪಡಬೇಡಿ. ಅದು ಹೊಸ ನೀರಿನ ಲೆಕ್ಕ, ಕಲ್ಲಿನದಲ್ಲ. ಒಂದು ವಾರ ಬಿಟ್ಟು ಅಳೆದದ್ದು ಮಾತ್ರ ನಂಬುವ ಅಂಕಿ. ಸತತ ಎರಡು ವಾರ 0.1 ಪಿಪಿಎಂಗಿಂತ ಕೆಳಗೆ ನಿಂತರೆ ಈ ಹಂತ ಮುಗಿಯಿತು. ಒಂದು ತಿಂಗಳಿಗೆ ಮುಗಿಯಬಹುದು, ಮೂರು ತಿಂಗಳೂ ಹಿಡಿಯಬಹುದು.

ಬೇಗ ಆಗಬೇಕು ಅಂದರೆ ಲ್ಯಾಂಥನಮ್ ಕ್ಲೋರೈಡ್ ಇದೆ. ಫಾಸ್ಫೇಟನ್ನು ಹಿಡಿದು ಬಿಳಿ ಪುಡಿಯಾಗಿ ತಳಕ್ಕೆ ಇಳಿಸುತ್ತದೆ. ನೀರು ಹಾಲಿನಂತಾಗುತ್ತದೆ, ಆಮೇಲೆ ತಿಳಿಯಾಗುತ್ತದೆ. ಡ್ರಮ್ಮಿನಲ್ಲಿ ಕಲ್ಲು ಮಾತ್ರ ಇರುವಾಗ ಹೆದರಿಕೆಯಿಲ್ಲ. ಮೀನಿರುವ ಟ್ಯಾಂಕಿನಲ್ಲಿ ಈ ಆಟ ಬೇಡ, ಆ ಪುಡಿ ಕಿವಿರಿಗೆ ಕೂತು ತೊಂದರೆ ಕೊಡುತ್ತದೆ. ಬಳಸಿದ ಮೇಲೆ ನೀರು ಪೂರ್ತಿ ಚೆಲ್ಲಿ, ಕಲ್ಲನ್ನು ಜಾಲಿಸಿ, ಹೊಸ ನೀರು ತುಂಬಿಸಿ.

## ಹಂತ 7: ಮತ್ತೆ ಜೀವ ತುಂಬುವುದು

ಬ್ಲೀಚ್ ಮಾಡಿದ ಕಲ್ಲಾದರೆ, ಈಗ ನಿಮ್ಮ ಕೈಯಲ್ಲಿರುವುದು ಲೈವ್ ರಾಕ್ ಅಲ್ಲ, ಬರೀ ರಾಕ್. ಬ್ಯಾಕ್ಟೀರಿಯಾ ಎಲ್ಲ ಸತ್ತಿದೆ. ಹೊಸದಾಗಿ ಬೆಳೆಸುವುದನ್ನು ಅದೇ ಡ್ರಮ್ಮಿನಲ್ಲೇ ಮಾಡಬಹುದು.

ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಹಾಕಿ, ಅದಕ್ಕೆ ಆಹಾರವಾಗಿ ಅಮೋನಿಯಾವನ್ನು 2 ಪಿಪಿಎಂವರೆಗೆ ಏರಿಸಿ. ಸುವಾಸನೆ, ಸೋಪು ಇಲ್ಲದ ಅಮೋನಿಯಾ ಅಥವಾ ಅಮೋನಿಯಂ ಕ್ಲೋರೈಡ್ ಆಗಬೇಕು. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಕಲ್ಲು ತಯಾರು. ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ.

ಗೆಳೆಯರ ಟ್ಯಾಂಕಿನಿಂದ ಒಂದು ತುಂಡು ಜೀವಂತ ಕಲ್ಲು ತಂದು ಬೀಜವಾಗಿ ಹಾಕುವ ಆಸೆ ಬರುತ್ತದೆ. ಕೆಲಸ ಬೇಗ ಆಗುವುದೂ ನಿಜ. ಆದರೆ ಆ ತುಂಡಿನ ಜೊತೆ ಒಂದೇ ಒಂದು ಐಪ್ಟೇಸಿಯಾ ಬಂದರೂ ಇಷ್ಟು ದಿನದ ದುಡಿಮೆ ನೀರುಪಾಲು.

## ಹಂತ 8: ಟ್ಯಾಂಕಿನಲ್ಲಿ ಜೋಡಿಸುವುದು

ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಇಟ್ಟರೆ ಮೀನು, ಸೀಗಡಿ ಕೆಳಗೆ ಬಿಲ ತೋಡಿದ ದಿನ ಗೋಪುರ ಗಾಜಿನ ಮೇಲೆ ಬೀಳುತ್ತದೆ. ದೊಡ್ಡ ಕಲ್ಲುಗಳು ಟ್ಯಾಂಕಿನ ತಳಕ್ಕೆ ನೇರವಾಗಿ ಕೂರಲಿ, ಮೇಲಿನವನ್ನು ಅಕ್ವೇರಿಯಂ ಎಪಾಕ್ಸಿಯಿಂದ ಕೂಡಿಸಿ. ಕೈಯಿಂದ ಅಲುಗಾಡಿಸಿದಾಗ ಕದಲಬಾರದು. ಹಿಂದಿನ ಗಾಜಿಗೆ ಒತ್ತಿ ಇಡಬೇಡಿ, ನೀರು ಸುತ್ತಲೂ ಓಡಾಡಬೇಕು. ಮೀನುಗಳನ್ನು ಒಂದೊಂದಾಗಿ, ನಡುವೆ ಎರಡು ಮೂರು ವಾರ ಬಿಟ್ಟು ತನ್ನಿ.

## ಈ ಗುರುತು ಕಂಡರೆ ಎಚ್ಚರ

ಕೊಳೆತ ಮೊಟ್ಟೆಯ ವಾಸನೆ. ಒಳಗೆ ಇನ್ನೂ ಏನೋ ಕೊಳೆಯುತ್ತಿದೆ. ಡ್ರಮ್ಮಿನಲ್ಲಿದ್ದರೆ ನೀರು ಬದಲಿಸಿ, ಪಂಪ್ ಜೋರು ಮಾಡಿ. ಎರಡು ವಾರಕ್ಕೂ ಹೋಗದಿದ್ದರೆ ಮತ್ತೆ ಬ್ಲೀಚ್. ಆರೋಗ್ಯವಾಗಿರುವ ಕಲ್ಲು ಕಡಲ ತೀರದ ಹಾಗೆ ವಾಸನೆ ಬರುತ್ತದೆ, ಮೂಗು ಮುಚ್ಚಿಕೊಳ್ಳುವಂತೆ ಅಲ್ಲ.

ತಯಾರಾದ ಕಲ್ಲು ಹಾಕಿದ ಮೇಲೂ ಟ್ಯಾಂಕಿನಲ್ಲಿ ಅಮೋನಿಯಾ. ಸಾಗಿಸುವಾಗ ಕಲ್ಲು ಒಣಗಿರಬಹುದು. ಡ್ರಮ್ಮಿನಿಂದ ಟ್ಯಾಂಕಿಗೆ ಒದ್ದೆಯಾಗಿಯೇ, ಬೇಗನೆ ಸಾಗಿಸಬೇಕು. ಅಮೋನಿಯಾ ಸೊನ್ನೆಗೆ ಬರುವವರೆಗೆ ಮೀನು ಬೇಡ.

ಕಂದು ಬಣ್ಣದ ಧೂಳು. ಕಲ್ಲು, ಮರಳು, ಗಾಜಿನ ಮೇಲೆಲ್ಲ ತೆಳುವಾಗಿ ಕಂದು ಪದರ ಬಂದರೆ ಅದು ಬಹುಮಟ್ಟಿಗೆ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿಗೆ ಬಂದೇ ಬರುತ್ತದೆ, ಕೆಲವು ವಾರಕ್ಕೆ ತಾನೇ ಹೋಗುತ್ತದೆ. ಇದಕ್ಕೆ ಹೆದರಿ ಕಲ್ಲನ್ನು ಮತ್ತೆ ಬ್ಲೀಚಿಗೆ ಹಾಕಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಉದ್ದ ಹಸಿರು ಕೂದಲು, ಅದೂ ಕಲ್ಲಿನ ಮೇಲೆ ಮಾತ್ರ. ಗಾಜು ಸ್ವಚ್ಛವಾಗಿದ್ದು ಕಲ್ಲು ಮಾತ್ರ ಹಸಿರಾಗುತ್ತಿದ್ದರೆ ಫಾಸ್ಫೇಟ್ ಕಲ್ಲಿನಿಂದಲೇ ಬರುತ್ತಿರುವ ಸಾಧ್ಯತೆ ಜಾಸ್ತಿ. ಕೈಯಿಂದ ಕಿತ್ತು ಹೊರಗೆ ಹಾಕಿ, ಬೆಳಕಿನ ಗಂಟೆ ಕಡಿಮೆ ಮಾಡಿ, ಫಿಲ್ಟರಿನಲ್ಲಿ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಅಂದರೆ ಜಿಎಫ್‌ಓ ಇಡಿ. ಕಿತ್ತ ಪಾಚಿಯ ಜೊತೆ ಫಾಸ್ಫೇಟೂ ಹೊರಗೆ ಹೋಗುತ್ತದೆ. ಹಾಗಾಗಿ ಕೀಳುವುದನ್ನು ನಿಲ್ಲಿಸಬೇಡಿ. ಮೂರು ನಾಲ್ಕು ತಿಂಗಳಾದರೂ ಇಳಿಯದಿದ್ದರೆ, ಅತಿ ಹೆಚ್ಚು ಹಸಿರಾದ ಒಂದೆರಡು ಕಲ್ಲುಗಳನ್ನು ಮಾತ್ರ ತೆಗೆದು ಕತ್ತಲ ಡ್ರಮ್ಮಿಗೆ ವಾಪಸ್ ಹಾಕಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಬ್ಯಾಕ್ಟೀರಿಯಾವೂ ಅದರ ಜೊತೆ ಹೋಗಿ ಟ್ಯಾಂಕಿನಲ್ಲಿ ಅಮೋನಿಯಾ ಏರುತ್ತದೆ.